ಡಿಬಿಎಂಎಸ್ ಕಲಿಯೋಕೆ ಯಾವ ಡೇಟಾಬೇಸು ಹಾಕಿಕೊಳ್ಳಬೇಕು?

ಡಿಬಿಎಂಎಸ್ (ಡೇಟಾಬೇಸು ನಿರ್ವಹಣೆ) ವಿಷಯ ಶುರುವಾದ ಮೊದಲ ವಾರದಲ್ಲೇ ಹಾಸ್ಟೆಲ್ ರೂಮುಗಳಲ್ಲಿ ಈ ವಾದ ಹುಟ್ಟುತ್ತದೆ. ‘ಎಕ್ಸಾಂಪ್ ಹಾಕ್ಕೊ, ಎಲ್ಲಾ ಅದರಾಗ ಬರ್ತದ’ ಅಂತ ಸೀನಿಯರ್ ಹೇಳುತ್ತಾನೆ. ಎಕ್ಸಾಂಪ್ ಎಂದರೆ ವೆಬ್ ಸರ್ವರ್, ಡೇಟಾಬೇಸು, ಪಿಎಚ್‌ಪಿ ಒಟ್ಟಿಗೆ ಬರುವ ಕಟ್ಟು. ಲ್ಯಾಬಿನ ಕಂಪ್ಯೂಟರಿನಲ್ಲಿ ಇರುವುದು ಒರಾಕಲ್. ಯೂಟ್ಯೂಬ್ ನೋಡಿ ಕಲಿತವರು ಪೋಸ್ಟ್‌ಗ್ರೆಸ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನಲ್ಲಿ ಏನಾದರೂ ಆಗುತ್ತದೆಯೇ ಎಂದು ಕೇಳುತ್ತಾರೆ. ಬೆಳಗಾವಿಯ ವಿಟಿಯು ಅಡಿ ಇಂಜಿನಿಯರಿಂಗ್ ಓದುವವರಿರಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಬಿಸಿಎ ಮಾಡುವವರಿರಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರಿರಲಿ, ಗೊಂದಲ ಎಲ್ಲ ಕಡೆ ಒಂದೇ.

ದುಡ್ಡಿನ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ಕಲಿಯಲು ಬೇಕಾದ ಎಲ್ಲವೂ ಪುಕ್ಕಟೆ ಸಿಗುತ್ತವೆ. ಕೊಡಬೇಕಾದದ್ದು ಲ್ಯಾಪ್‌ಟಾಪಿನ ರ‍್ಯಾಮ್, ಮೊಬೈಲಿನ ಡೇಟಾ, ಇನ್‌ಸ್ಟಾಲ್ ಮಾಡಲು ಹಾಳಾಗುವ ಒಂದು ಭಾನುವಾರ. ಇನ್ನೊಂದು ಖರ್ಚು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕೆಲವು ಡೇಟಾಬೇಸುಗಳು ನಾವು ತಪ್ಪು ಬರೆದರೂ ‘ಆಯ್ತು’ ಎಂದು ತೆಗೆದುಕೊಳ್ಳುತ್ತವೆ. ಕೆಲಸ ಗೊತ್ತಿದ್ದವನಿಗೆ ಅದು ಅನುಕೂಲ. ಹೊಸಬನಿಗೆ ಮಾತ್ರ ತಾನು ತಪ್ಪಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ವೇಗಕ್ಕೂ ಜನಪ್ರಿಯತೆಗೂ ಮಹತ್ವ ಕೊಟ್ಟಿಲ್ಲ. ಯಾವುದು ಮುಲಾಜಿಲ್ಲದೆ ‘ಇದು ತಪ್ಪು’ ಎನ್ನುತ್ತದೆ, ಅದನ್ನು ಮೊದಲು ನೋಡಿದ್ದೇವೆ.

ಅಳತೆಗೋಲು: ಎರಡು ಟೇಬಲ್, ಆರು ಪರೀಕ್ಷೆ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲದ ಉದಾಹರಣೆ ಕಬ್ಬಿನ ಫ್ಯಾಕ್ಟರಿಯ ತೂಕದ ಚೀಟಿ. ‘ರೈತ’ ಎಂಬ ಟೇಬಲ್ಲಿನಲ್ಲಿ ರೈತ ಸಂಖ್ಯೆ, ಹೆಸರು, ಊರು. ‘ಚೀಟಿ’ ಎಂಬ ಟೇಬಲ್ಲಿನಲ್ಲಿ ಚೀಟಿ ಸಂಖ್ಯೆ, ರೈತ ಸಂಖ್ಯೆ, ದಿನಾಂಕ, ಟನ್. ಚೀಟಿಯ ರೈತ ಸಂಖ್ಯೆ ಫಾರಿನ್ ಕೀ, ಅದು ರೈತ ಟೇಬಲ್ಲಿನ ಪ್ರೈಮರಿ ಕೀಯನ್ನು, ಅಂದರೆ ಪ್ರತಿ ರೈತನನ್ನು ಬೇರೆಯಾಗಿ ಗುರುತಿಸುವ ರೈತ ಸಂಖ್ಯೆಯನ್ನು ತೋರಿಸಬೇಕು. ಎರಡರಲ್ಲೂ ಐದೈದು ಸಾಲು ತುಂಬಿದರೆ ಸಾಕು. ಯಾವ ಡೇಟಾಬೇಸು ಹಾಕಿದರೂ ಮೊದಲ ದಿನ ಈ ಆರು ಕೆಲಸ ಮಾಡಿ ನೋಡಿ.

1. ಟನ್ ಇರಬೇಕಾದ ಕಾಲಮ್ಮಿಗೆ ‘ಹತ್ತು’ ಎಂದು ಅಕ್ಷರದಲ್ಲಿ ತುಂಬುವುದು.
2. ರೈತ ಟೇಬಲ್ಲಿನಲ್ಲಿ ಇಲ್ಲವೇ ಇಲ್ಲದ 999ನೇ ಸಂಖ್ಯೆಗೆ ಚೀಟಿ ಬರೆಯುವುದು.
3. ‘ಟನ್ ಸೊನ್ನೆಗಿಂತ ಹೆಚ್ಚಿರಬೇಕು’ ಎಂಬ ಚೆಕ್ ಹಾಕಿ, ಮೈನಸ್ 5 ಟನ್ ತುಂಬುವುದು.
4. ಊರಿನ ಮೇಲೆ ಗ್ರೂಪ್ ಬೈ ಹಾಕಿ (ಊರುವಾರು ಗುಂಪು ಮಾಡಿ) ಒಟ್ಟು ಟನ್ ಕೇಳುವಾಗ, ಸೆಲೆಕ್ಟಿನಲ್ಲಿ (ಏನೇನು ತೋರಿಸಬೇಕೆಂದು ಕೇಳುವ ಸಾಲಿನಲ್ಲಿ) ರೈತನ ಹೆಸರನ್ನೂ ಸೇರಿಸುವುದು. ಒಂದೂರಿಗೆ ಹತ್ತು ರೈತರಿರುವಾಗ ಯಾವ ಹೆಸರು ಬರಬೇಕು? ಈ ಪ್ರಶ್ನೆಗೆ ಉತ್ತರವೇ ಇಲ್ಲ. ಸರಿಯಾದ ಡೇಟಾಬೇಸು ಹಾಗೆಂದೇ ಹೇಳಬೇಕು.
5. ಟ್ರಾನ್ಸಾಕ್ಷನ್ (ಪೂರ್ತಿ ಉಳಿಯುವ ಇಲ್ಲವೇ ಪೂರ್ತಿ ರದ್ದಾಗುವ ಕೆಲಸಗಳ ಕಟ್ಟು) ಶುರು ಮಾಡಿ, ಚೀಟಿಗಳನ್ನೆಲ್ಲ ಡಿಲೀಟ್ ಮಾಡಿ, ರೋಲ್‌ಬ್ಯಾಕ್ (ಮಾಡಿದ್ದನ್ನು ರದ್ದು ಮಾಡುವ ಆದೇಶ) ಕೊಟ್ಟು, ಎಲ್ಲ ಮರಳಿ ಬಂದವೇ ಎಂದು ಎಣಿಸುವುದು.
6. 20 ಅಗಲದ ಊರು ಕಾಲಮ್ಮಿಗೆ ಕನ್ನಡದಲ್ಲೇ ‘ಬೆಳಗಾವಿ’ ಎಂದು ತುಂಬುವುದು.

ಇದರ ಜೊತೆಗೆ ಇನ್ನೆರಡು ಲೆಕ್ಕ: ನಿಮ್ಮ ಲ್ಯಾಪ್‌ಟಾಪು ತಡೆಯುತ್ತದೆಯೇ, ಲ್ಯಾಬಿನ ಪಟ್ಟಿಯಲ್ಲಿರುವ ಪ್ರಯೋಗಗಳು ಅದರಲ್ಲಿ ನಡೆಯುತ್ತವೆಯೇ.

ಎಸ್‌ಕ್ಯೂಲೈಟ್: ಹಗುರ, ಆದರೆ ಕಣ್ಣಿಟ್ಟಿರಬೇಕು

ಇದಕ್ಕೆ ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಪೋರ್ಟ್ ಇಲ್ಲ. ಇಡೀ ಡೇಟಾಬೇಸು ಒಂದೇ ಫೈಲು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು. ಕಮಾಂಡ್ ಲೈನ್ ಸಲಕರಣೆ ಕೆಲವೇ ಎಂಬಿ. ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಹಾಕಿಕೊಂಡರೆ ಟೇಬಲ್ಲುಗಳನ್ನು ಕಣ್ಣಾರೆ ನೋಡಬಹುದು. 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ ಈ ಸಾಫ್ಟ್‌ವೇರಿಗೆ ಲೈಸೆನ್ಸಿನ ಗೋಜೂ ಇಲ್ಲ, ಅದು ಎಲ್ಲರ ಸ್ವತ್ತು. ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಇದೇ ಕೂತಿದೆ. 4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ತೆರೆದಿಟ್ಟುಕೊಂಡೇ ನಿರಾಳವಾಗಿ ನಡೆಯುವುದು ಇದೊಂದೇ ಎನ್ನಬಹುದು.

ಈಗ ಪರೀಕ್ಷೆ. ಮೊದಲನೆಯದರಲ್ಲೇ ಬೀಳುತ್ತದೆ. ಟನ್ ಕಾಲಮ್ಮಿಗೆ ‘ಹತ್ತು’ ಎಂದು ಕೊಟ್ಟರೆ ತಕರಾರಿಲ್ಲದೆ ಇಟ್ಟುಕೊಳ್ಳುತ್ತದೆ, ಮುಂದೆ ಮೊತ್ತ ಕೇಳಿದಾಗ ಅದನ್ನು ಸೊನ್ನೆ ಎಂದು ಕೂಡಿಸುತ್ತದೆ. ಎರಡನೆಯದರಲ್ಲೂ ಬೀಳುತ್ತದೆ, ಏಕೆಂದರೆ ಫಾರಿನ್ ಕೀ ಪರಿಶೀಲನೆ ಹುಟ್ಟಾ (ಯಾವ ಸೆಟ್ಟಿಂಗೂ ಮುಟ್ಟದಿದ್ದಾಗ) ಆಫ್ ಆಗಿರುತ್ತದೆ. ‘ಪ್ರಾಗ್ಮಾ ಫಾರಿನ್_ಕೀಸ್ ಆನ್’ ಎಂಬ ಸಾಲನ್ನು ಪ್ರತಿ ಸಲ ಫೈಲು ತೆರೆದಾಗ ಹೊಸದಾಗಿ ಕೊಡಬೇಕು. ಒಮ್ಮೆ ಕೊಟ್ಟರೆ ಫೈಲಿನಲ್ಲಿ ಉಳಿಯುವುದಿಲ್ಲ, ಆ ಸಂಪರ್ಕಕ್ಕಷ್ಟೇ ಲಾಗೂ. ನಿನ್ನೆ ತಡೆದ ಡೇಟಾಬೇಸು ಇವತ್ತು ಬಿಡುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರಿಗೆಲ್ಲ ಕಾರಣ ಇದೇ. ಮೂರನೆಯದನ್ನು ಪಾಸಾಗುತ್ತದೆ, ಚೆಕ್ ಸರಿಯಾಗಿ ಹಿಡಿಯುತ್ತದೆ. ನಾಲ್ಕನೆಯದರಲ್ಲಿ ಯಾವುದೋ ಒಬ್ಬ ರೈತನ ಹೆಸರು ತೋರಿಸಿ ಸುಮ್ಮನಾಗುತ್ತದೆ. ಐದು ಪಾಸು. ಆರನೆಯದರಲ್ಲಿ ಅಗಲವನ್ನೇ ಲೆಕ್ಕಿಸುವುದಿಲ್ಲ, 20 ಎಂದರೂ 200 ಅಕ್ಷರ ತುಂಬಬಹುದು.

ಇಷ್ಟು ದೋಷಕ್ಕೂ ಅರ್ಧ ಮದ್ದು ಇದೆ. 2021ರ 3.37ನೇ ಆವೃತ್ತಿಯಿಂದ ಟೇಬಲ್ ಕಟ್ಟುವಾಗ ಕೊನೆಯಲ್ಲಿ ‘ಸ್ಟ್ರಿಕ್ಟ್’ ಎಂದು ಬರೆದರೆ ವಿಧ ತಪ್ಪಿದ ಮಾಹಿತಿಯನ್ನು ತಳ್ಳಿಹಾಕುತ್ತದೆ. ಆದರೆ ಸ್ಟ್ರಿಕ್ಟ್ ಟೇಬಲ್ಲಿನಲ್ಲಿ ಡೆಸಿಮಲ್ ಎಂಬ ವಿಧವೇ ಇಲ್ಲ. ಇಂಟಿಜರ್, ರಿಯಲ್, ಟೆಕ್ಸ್ಟ್ ಹೀಗೆ ಕೆಲವೇ ಇವೆ. ಟನ್ನನ್ನು ರಿಯಲ್ಲಿನಲ್ಲಿಟ್ಟರೆ ದಶಮಾಂಶ ಕೂಡಿಸುವಾಗ ಬಾಲದಲ್ಲಿ ಚೂರುಪಾರು ವ್ಯತ್ಯಾಸ ಬರುತ್ತದೆ, ಬಿಲ್ಲಿನಲ್ಲಿ ಅದು ಪೈಸೆಯ ಜಗಳ. ಟನ್ ಬದಲು ಕೆಜಿಯಲ್ಲಿ, ರೂಪಾಯಿ ಬದಲು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುವುದು ಸುರಕ್ಷಿತ. 17.450 ಟನ್ ಎಂದರೆ 17450 ಎಂದು ಬರೆಯಿರಿ.

ಡಿಬಿ ಬ್ರೌಸರ್ ಬಳಸುವವರು ಬೀಳುವ ಹಳ್ಳ ಇನ್ನೊಂದು. ಅದರಲ್ಲಿ ‘ರೈಟ್ ಚೇಂಜಸ್’ ಗುಂಡಿ ಒತ್ತುವ ತನಕ ಬರೆದದ್ದು ಫೈಲಿಗೆ ಇಳಿಯುವುದಿಲ್ಲ. ಅಷ್ಟರಲ್ಲಿ ಕರೆಂಟ್ ಹೋಗಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆಫ್ ಆದರೆ ಎಲ್ಲ ಹೋಯಿತು. ಬೈಯ್ಯುವುದರ ಬದಲು ಇದನ್ನೇ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು) ಎಂದರೇನು ಎಂಬುದಕ್ಕೆ ಪಾಠ ಎಂದುಕೊಳ್ಳಬಹುದು.

ಇದರಲ್ಲಿ ಆಗದೇ ಇರುವ ಕೆಲಸಗಳು ಸ್ಪಷ್ಟ: ಬಳಕೆದಾರರನ್ನು ಸೃಷ್ಟಿಸಿ ಗ್ರ್ಯಾಂಟ್ (ಅಧಿಕಾರ ಕೊಡುವುದು), ರಿವೋಕ್ (ಅದನ್ನು ಹಿಂದಕ್ಕೆ ಪಡೆಯುವುದು) ಇಲ್ಲ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನೊಳಗೇ ಇಡುವ ಪ್ರೋಗ್ರಾಂ) ಇಲ್ಲ, ಅದರೊಳಗೆ ಸಾಲುಗಳನ್ನು ಒಂದೊಂದಾಗಿ ಓದುವ ಕರ್ಸರ್ ಇಲ್ಲ. ಸಾಲು ಬದಲಾದಾಗ ತಾನೇ ಓಡುವ ಟ್ರಿಗರ್ ಇದೆ. ಎರಡು ಟೇಬಲ್ಲುಗಳನ್ನು ಜೋಡಿಸುವ ಜಾಯಿನ್‌ಗಳಲ್ಲಿ ರೈಟ್ ಜಾಯಿನ್, ಫುಲ್ ಔಟರ್ ಜಾಯಿನ್ 2022ರ 3.39ರಿಂದ ಬಂದಿವೆ. ಹಳೆ ಆವೃತ್ತಿ ಇದ್ದರೆ ಮೊದಲು ಅಪ್‌ಡೇಟ್ ಮಾಡಿ.

ಮೈಎಸ್‌ಕ್ಯೂಎಲ್ ಮತ್ತು ಎಕ್ಸಾಂಪ್: ಎಲ್ಲರ ಹತ್ತಿರ ಇರುವುದು

ಇಲ್ಲಿ ಮೊದಲು ಒಂದು ಹೆಸರಿನ ಗೊಂದಲ ಬಿಡಿಸಬೇಕು. ಎಕ್ಸಾಂಪಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ‘ಮೈಎಸ್‌ಕ್ಯೂಎಲ್’ ಎಂದೇ ಬರೆದಿದ್ದರೂ ಒಳಗಿರುವುದು ಅದರಿಂದ ಕವಲೊಡೆದ ಮರಿಯಾಡಿಬಿ. ಅಣ್ಣತಮ್ಮಂದಿರು ಬೇರೆ ಮನೆ ಮಾಡಿದ ಹಾಗೆ, ಮುಖಚಹರೆ ಒಂದೇ, ಸ್ವಭಾವ ನಿಧಾನಕ್ಕೆ ಬೇರೆಯಾಗುತ್ತಿದೆ. ಪುಸ್ತಕದಲ್ಲಿ ನೋಡಿದ್ದು ಎಕ್ಸಾಂಪಿನಲ್ಲಿ ನಡೆಯದಿದ್ದರೆ ಎಷ್ಟೋ ಸಲ ಕಾರಣ ಇದೇ.

ಅಸಲಿ ಮೈಎಸ್‌ಕ್ಯೂಎಲ್ 8, ಹುಟ್ಟಾ ಸೆಟ್ಟಿಂಗಿನಲ್ಲಿ ಆರು ಪರೀಕ್ಷೆಗಳಲ್ಲಿ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ‘ಹತ್ತು’ ಎಂಬುದನ್ನು ತಳ್ಳುತ್ತದೆ, ಗ್ರೂಪ್ ಬೈ ತಪ್ಪನ್ನು ಹಿಡಿಯುತ್ತದೆ, ಕನ್ನಡ ಅಕ್ಷರಗಳನ್ನು ಅಕ್ಷರವಾಗಿ ಎಣಿಸುತ್ತದೆ. ಚೆಕ್ ಮಾತ್ರ 2019ರ 8.0.16ರ ತನಕ ನಾಮಕಾವಸ್ತೆ. ಬರೆದರೆ ಓದಿಕೊಳ್ಳುತ್ತಿತ್ತು, ಪಾಲಿಸುತ್ತಿರಲಿಲ್ಲ. ಲ್ಯಾಬಿನಲ್ಲಿ 5.7 ಇದ್ದರೆ ಮೈನಸ್ 5 ಟನ್ ಸಲೀಸಾಗಿ ಒಳಗೆ ಹೋಗುತ್ತದೆ, ಎರರ್ ಬರುತ್ತದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಬರೆದುಕೊಂಡವರು ಪೇಚಿಗೆ ಬೀಳುತ್ತಾರೆ.

ಫಾರಿನ್ ಕೀಯಲ್ಲೂ ಒಂದು ಮೋಸ ಇದೆ. ಮೈಎಸ್‌ಕ್ಯೂಎಲ್ 8ರಲ್ಲಿ ಕಾಲಮ್ಮಿನ ಪಕ್ಕದಲ್ಲೇ ‘ರೆಫರೆನ್ಸಸ್ ರೈತ’ ಎಂದು ಬರೆದರೆ ಎರರ್ ಬರುವುದಿಲ್ಲ, ಆದರೆ ಕೀ ಕೂಡ ಹುಟ್ಟುವುದಿಲ್ಲ. ಕಾಲಮ್ಮುಗಳೆಲ್ಲ ಮುಗಿದ ಮೇಲೆ ಬೇರೆ ಸಾಲಿನಲ್ಲಿ ‘ಫಾರಿನ್ ಕೀ’ ಎಂದು ಪೂರ್ತಿ ಬರೆದರೆ ಮಾತ್ರ ಲೆಕ್ಕಕ್ಕೆ. ಟೇಬಲ್ ಕಟ್ಟಿದ ಮೇಲೆ ‘ಶೋ ಕ್ರಿಯೇಟ್ ಟೇಬಲ್’ ಕೊಟ್ಟು, ಕೀ ನಿಜವಾಗಿ ಬಂದಿದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕೆಳಗೆ ಇಂಜಿನ್ (ಡೇಟಾ ಶೇಖರಿಸುವ ಒಳಭಾಗ) ಹೆಸರು ಇನ್ನೊಡಿಬಿ ಎಂದೇ ಇರಬೇಕು. ಮೈಐಸ್ಯಾಮ್ ಎಂದಿದ್ದರೆ ಫಾರಿನ್ ಕೀಯೂ ಇಲ್ಲ, ರೋಲ್‌ಬ್ಯಾಕೂ ಇಲ್ಲ.

ಎಕ್ಸಾಂಪಿನ ಕಥೆ ಇನ್ನೂ ಸಡಿಲ. ಮರಿಯಾಡಿಬಿಯಲ್ಲಿ ಗ್ರೂಪ್ ಬೈ ಕಟ್ಟುನಿಟ್ಟು ಹುಟ್ಟಾ ಆನ್ ಇರುವುದಿಲ್ಲ. ನಾಲ್ಕನೇ ಪರೀಕ್ಷೆಯಲ್ಲಿ ಯಾರದೋ ಹೆಸರು ಬರುತ್ತದೆ, ಉತ್ತರ ಸರಿ ಎಂದುಕೊಂಡು ಮುಂದೆ ಹೋಗುತ್ತೀರಿ. ಎಸ್‌ಕ್ಯೂಎಲ್ ಮೋಡ್ (ಎಷ್ಟು ಕಟ್ಟುನಿಟ್ಟು ಎಂಬ ಸೆಟ್ಟಿಂಗ್) ಏನಿದೆ ಎಂದು ಒಮ್ಮೆ ಸೆಲೆಕ್ಟ್ ಮಾಡಿ ನೋಡಿ. ಅದರಲ್ಲಿ ‘ಸ್ಟ್ರಿಕ್ಟ್_ಟ್ರಾನ್ಸ್_ಟೇಬಲ್ಸ್’, ‘ಓನ್ಲಿ_ಫುಲ್_ಗ್ರೂಪ್_ಬೈ’ ಎರಡೂ ಇರಬೇಕು. ಇಲ್ಲದಿದ್ದರೆ ‘ಮೈ.ಐಎನ್‌ಐ’ ಫೈಲಿನ ಎಸ್‌ಕ್ಯೂಎಲ್ ಮೋಡ್ ಸಾಲಿಗೆ ಸೇರಿಸಿ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ. ಸ್ಟ್ರಿಕ್ಟ್ ಇಲ್ಲದಿದ್ದರೆ ‘ಹತ್ತು’ ಎಂಬುದು ಬರೀ ಒಂದು ವಾರ್ನಿಂಗಿನೊಂದಿಗೆ ಸೊನ್ನೆಯಾಗಿ ಕೂತಿರುತ್ತದೆ. ಇಡೀ ಎಕ್ಸಾಂಪಿನಲ್ಲಿ ಐದು ನಿಮಿಷದ ಈ ತಿದ್ದುಪಡಿಗಿಂತ ಲಾಭದ ಕೆಲಸ ಬೇರೆ ಇಲ್ಲ.

ಐದನೇ ಪರೀಕ್ಷೆಯನ್ನು ಎಕ್ಸಾಂಪಿನ ಜೊತೆ ಬರುವ ಬ್ರೌಸರ್ ಪುಟವಾದ ಪಿಎಚ್‌ಪಿಮೈಅಡ್ಮಿನ್ನಿನಲ್ಲಿ ಮಾಡಿದವರು ‘ರೋಲ್‌ಬ್ಯಾಕ್ ಕೆಲಸ ಮಾಡಲ್ಲ’ ಎಂದು ದೂರುತ್ತಾರೆ. ಕೆಲಸ ಮಾಡುತ್ತದೆ. ಆದರೆ ಪಿಎಚ್‌ಪಿಮೈಅಡ್ಮಿನ್ನಿನಲ್ಲಿ ‘ಗೋ’ ಒತ್ತಿದ ಪ್ರತಿ ಸಲವೂ ಹೊಸ ಸಂಪರ್ಕ ತೆರೆಯುತ್ತದೆ. ಮೊದಲ ಸಲ ಕೊಟ್ಟ ‘ಸ್ಟಾರ್ಟ್ ಟ್ರಾನ್ಸಾಕ್ಷನ್’ ಎರಡನೇ ಸಲಕ್ಕೆ ಇರುವುದಿಲ್ಲ. ಎಲ್ಲವನ್ನೂ ಒಂದೇ ಸಲ ಬರೆದು ಓಡಿಸಬೇಕು, ಇಲ್ಲವೇ ಕಮಾಂಡ್ ಲೈನಿಗೆ ಇಳಿಯಬೇಕು. ಟ್ರಾನ್ಸಾಕ್ಷನ್ ಅಧ್ಯಾಯ ಬಂದಾಗ ಕಮಾಂಡ್ ಲೈನೇ ಲೇಸು.

‘ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನೆಕ್ಸ್‌ಪೆಕ್ಟೆಡ್ಲಿ’ ಎಂಬ ಕೆಂಪು ಸಾಲು ಎಕ್ಸಾಂಪ್ ಹಾಕಿದವರೆಲ್ಲರಿಗೂ ಒಂದಲ್ಲ ಒಂದು ದಿನ ದರ್ಶನ ಕೊಡುತ್ತದೆ. ಎರಡು ಕಾರಣ ಸಾಮಾನ್ಯ. ಒಂದು, ಮೈಎಸ್‌ಕ್ಯೂಎಲ್ ಬೇರೆಯಾಗಿಯೂ ಹಾಕಿಕೊಂಡಿದ್ದೀರಿ, ಎರಡೂ 3306 ಪೋರ್ಟಿಗೆ ಗುದ್ದಾಡುತ್ತಿವೆ. ವಿಂಡೋಸ್ ಸರ್ವಿಸಸ್ಸಿನಲ್ಲಿ ಒಂದನ್ನು ನಿಲ್ಲಿಸಿ. ಎರಡು, ಕಂಪ್ಯೂಟರು ಹಠಾತ್ತನೆ ಆಫ್ ಆಗಿ ಡೇಟಾ ಫೋಲ್ಡರಿನ ಫೈಲುಗಳು ಹದಗೆಟ್ಟಿವೆ. ಆಗ ಇಂಟರ್ನೆಟ್ಟಿನಲ್ಲಿ ಸಿಗುವ ‘ಐಬಿಡೇಟಾ1 ಫೈಲು ಅಳಿಸಿ’ ಎಂಬ ಸಲಹೆ ಕೇಳಬೇಡಿ. ಅಳಿಸಿದರೆ ಸರ್ವರ್ ಎದ್ದೇಳಬಹುದು, ನಿಮ್ಮ ಇನ್ನೊಡಿಬಿ ಟೇಬಲ್ಲುಗಳು ಮಾತ್ರ ಮತ್ತೆ ತೆರೆಯುವುದಿಲ್ಲ. ಏನೇ ಮಾಡುವ ಮುಂಚೆ ಡೇಟಾ ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಎಕ್ಸ್‌ಪೋರ್ಟ್ ಮಾಡಿಟ್ಟವರಿಗೆ ಈ ತಲೆಬಿಸಿಯೇ ಇಲ್ಲ.

ಸಿಂಟ್ಯಾಕ್ಸ್ ಕೊರತೆ ಎರಡು: ಫುಲ್ ಔಟರ್ ಜಾಯಿನ್ ಇಲ್ಲ, ಲೆಫ್ಟ್ ಮತ್ತು ರೈಟ್ ಜಾಯಿನ್‌ಗಳನ್ನು ಯೂನಿಯನ್ ಮಾಡಿ ತೋರಿಸಬೇಕು. ಇಂಟರ್‌ಸೆಕ್ಟ್, ಎಕ್ಸೆಪ್ಟ್ 2022ರ 8.0.31ರಿಂದಷ್ಟೇ ಬಂದಿವೆ. ರಿಲೇಷನಲ್ ಆಲ್ಜೀಬ್ರಾ ಓದುವ ವಾರದಲ್ಲಿ ಇದು ಕಿರಿಕಿರಿ.

ಪೋಸ್ಟ್‌ಗ್ರೆಸ್: ಕಟ್ಟುನಿಟ್ಟಿನ ಮೇಷ್ಟ್ರು

1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳತ್ವದಲ್ಲಿ ಶುರುವಾದದ್ದು. ಆರೂ ಪರೀಕ್ಷೆಗಳಲ್ಲಿ, ಯಾವ ಸೆಟ್ಟಿಂಗೂ ಮುಟ್ಟದೆ, ನೀವು ಪುಸ್ತಕದಲ್ಲಿ ಓದಿದ್ದೇ ನಡೆಯುತ್ತದೆ. ಎರರ್ ಸಂದೇಶಗಳೂ ಓದುವಂತಿವೆ: ಯಾವ ನಿಯಮ ಮುರಿಯಿತು, ಯಾವ ಕೀ ಸಿಗಲಿಲ್ಲ, ಎಷ್ಟೋ ಸಲ ‘ಹೀಗೆ ಬರೆಯಲು ಹೊರಟಿದ್ದಿರಾ’ ಎಂಬ ಸುಳಿವೂ ಇರುತ್ತದೆ. ಟೇಬಲ್ ಕಟ್ಟುವುದನ್ನೂ ರೋಲ್‌ಬ್ಯಾಕ್ ಮಾಡಬಹುದು. ಮೈಎಸ್‌ಕ್ಯೂಎಲ್ಲಿನಲ್ಲಿ, ಒರಾಕಲ್ಲಿನಲ್ಲಿ ಟ್ರಾನ್ಸಾಕ್ಷನ್ ನಡುವೆ ಕ್ರಿಯೇಟ್ ಟೇಬಲ್ ಕೊಟ್ಟರೆ ಅಲ್ಲಿಯ ತನಕ ಮಾಡಿದ್ದೆಲ್ಲ ಸದ್ದಿಲ್ಲದೆ ಕಮಿಟ್ ಆಗಿಬಿಡುತ್ತದೆ.

ವಿಂಡೋಸ್ ಇನ್‌ಸ್ಟಾಲರ್ ಮುನ್ನೂರು ಚಿಲ್ಲರೆ ಎಂಬಿ. ಕಾಲೇಜಿನ ವೈಫೈನಲ್ಲಿ ಇಳಿಸಿಕೊಳ್ಳಿ. ಹಾಕುವಾಗ ಕೇಳುವ ಪಾಸ್‌ವರ್ಡ್ ‘ಪೋಸ್ಟ್‌ಗ್ರೆಸ್’ ಎಂಬ ಮುಖ್ಯ ಬಳಕೆದಾರನದು. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಮರೆತು ಮತ್ತೆ ಇನ್‌ಸ್ಟಾಲ್ ಮಾಡುವವರೇ ಹೆಚ್ಚು. ಪೋರ್ಟ್ 5432 ಹಾಗೇ ಬಿಡಿ. ಕೊನೆಗೆ ಬರುವ ಸ್ಟ್ಯಾಕ್ ಬಿಲ್ಡರ್ ಬೇಕಿಲ್ಲ, ಗುರುತು ತೆಗೆದು ಮುಗಿಸಿ.

ಕಷ್ಟಗಳಿಲ್ಲವೆಂದಲ್ಲ. ದೊಡ್ಡ ಅಕ್ಷರದ ಗೋಜಲು ಮೊದಲನೆಯದು. ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಅದನ್ನು ಸಣ್ಣಕ್ಷರಕ್ಕೆ ಇಳಿಸಿ ಇಟ್ಟುಕೊಳ್ಳುತ್ತದೆ. ಆದರೆ ಜೊತೆಗೆ ಬರುವ ಪಿಜಿಅಡ್ಮಿನ್ (ಕಮಾಂಡ್ ಬದಲು ಗುಂಡಿ ಒತ್ತಿ ಕೆಲಸ ಮಾಡುವ ಸಲಕರಣೆ) ಫಾರ್ಮಿನಲ್ಲಿ ದೊಡ್ಡಕ್ಷರದ ಹೆಸರು ಟೈಪಿಸಿದರೆ ಅದನ್ನು ಹಾಗೇ ಉಳಿಸುತ್ತದೆ. ಮುಂದೆ ಸೆಲೆಕ್ಟ್ ಬರೆದಾಗ, ಟೇಬಲ್ ಕಣ್ಣೆದುರೇ ಇದ್ದರೂ ‘ಅಂಥ ಟೇಬಲ್ಲೇ ಇಲ್ಲ’ ಎನ್ನುತ್ತದೆ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲೇ ಇಡಿ, ಪೀಡೆ ತೊಲಗುತ್ತದೆ. ಎರಡನೆಯದು, ಟ್ರಾನ್ಸಾಕ್ಷನ್ ಒಳಗೆ ಒಂದು ತಪ್ಪಾದರೆ ಮುಂದಿನ ಪ್ರತಿ ಸಾಲಿಗೂ ‘ಟ್ರಾನ್ಸಾಕ್ಷನ್ ರದ್ದಾಗಿದೆ’ ಎನ್ನುತ್ತದೆ. ಕೆಟ್ಟುಹೋಗಿಲ್ಲ, ರೋಲ್‌ಬ್ಯಾಕ್ ಎಂದು ಒಮ್ಮೆ ಕೊಟ್ಟರೆ ಸರಿ. ಮೂರನೆಯದು, 7 ಭಾಗಿಸು 2 ಎಂದರೆ 3 ಬರುತ್ತದೆ, ಪೂರ್ಣಾಂಕಗಳ ಭಾಗಾಕಾರ. ಎಸ್‌ಕ್ಯೂಲೈಟಿನಲ್ಲೂ ಹಾಗೇ. ಮೈಎಸ್‌ಕ್ಯೂಎಲ್, ಒರಾಕಲ್‌ಗಳಲ್ಲಿ 3.5. ಸರಾಸರಿ ಲೆಕ್ಕವನ್ನು ಕೈಯಲ್ಲೇ ಬರೆದವರಿಗೆ ಇಲ್ಲಿ ಉತ್ತರ ತಪ್ಪುತ್ತದೆ.

ಟ್ರಿಗರ್ ಬರೆಯುವುದು ಇಲ್ಲಿ ಎರಡು ಹೆಜ್ಜೆ: ಮೊದಲು ಫಂಕ್ಷನ್, ಆಮೇಲೆ ಅದನ್ನು ಕರೆಯುವ ಟ್ರಿಗರ್. ಲ್ಯಾಬ್ ಮ್ಯಾನ್ಯುಯಲ್ಲಿನಲ್ಲಿ ಒರಾಕಲ್ ರೀತಿ ಇದ್ದರೆ ನೇರ ನಕಲು ಮಾಡಲು ಆಗುವುದಿಲ್ಲ.

ಒರಾಕಲ್: ಲ್ಯಾಬಿಗಾಗಿ

ವಿಟಿಯುನ 2018ರ ಸ್ಕೀಮಿನ ಲ್ಯಾಬಿನಲ್ಲಿದ್ದ ಲೈಬ್ರರಿ, ಆರ್ಡರ್, ಮೂವಿ, ಕಾಲೇಜ್, ಕಂಪನಿ ಡೇಟಾಬೇಸುಗಳನ್ನು ಯಾವುದರಲ್ಲಾದರೂ ಮಾಡಬಹುದಿತ್ತು. 2022ರ ಸ್ಕೀಮಿನ ಪಟ್ಟಿಯಲ್ಲಿ ಬಳಕೆದಾರನಿಗೆ ಗ್ರ್ಯಾಂಟ್ ಕೊಡುವುದು, ರೋಲ್‌ಬ್ಯಾಕ್, ಸಾಲುವಾರು ಟ್ರಿಗರ್, ಕರ್ಸರ್, ಪಿಎಲ್/ಎಸ್‌ಕ್ಯೂಎಲ್ ಬ್ಲಾಕ್ ಇವೆ, ಕೊನೆಗೊಂದು ಮಾಂಗೋಡಿಬಿ (ಟೇಬಲ್ ಬಳಸದ ಡೇಟಾಬೇಸು). ಪಿಎಲ್/ಎಸ್‌ಕ್ಯೂಎಲ್ ಒರಾಕಲ್ಲಿನ ಸ್ವಂತ ಭಾಷೆ. ಮೈಎಸ್‌ಕ್ಯೂಎಲ್ ಪ್ರೊಸೀಜರಿನಲ್ಲಿ ಅದೇ ಕೆಲಸ ಮಾಡಿ ತೋರಿಸಬಹುದು, ಪೋಸ್ಟ್‌ಗ್ರೆಸ್ಸಿನ ಪಿಎಲ್/ಪಿಜಿಎಸ್‌ಕ್ಯೂಎಲ್ ಅಂತೂ ಅದನ್ನೇ ಹೋಲುತ್ತದೆ, ಆದರೆ ಒಪ್ಪುವುದು ಬಿಡುವುದು ನಿಮ್ಮ ಲ್ಯಾಬಿನ ಮೇಷ್ಟ್ರಿಗೆ ಬಿಟ್ಟದ್ದು. ಸೆಮಿಸ್ಟರ್ ಶುರುವಿನಲ್ಲೇ ಕೇಳಿಕೊಳ್ಳಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಕೇಳುವುದು ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ.

ಒಂದರಿಂದ ಐದರ ತನಕ ಒರಾಕಲ್ ಯಾವ ತಪ್ಪನ್ನೂ ಬಿಡುವುದಿಲ್ಲ. ಆರನೆಯದರಲ್ಲಿ ಮಾತ್ರ ಕನ್ನಡದವರಿಗೆ ಒಂದು ಪಾಠ ಕಾದಿದೆ. ವಾರ್‌ಕ್ಯಾರ್2 20 ಎಂದರೆ ಒರಾಕಲ್ ಹುಟ್ಟಾ ಎಣಿಸುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟು, ಸ್ವರಚಿಹ್ನೆಗಳಿಗೂ ಪ್ರತ್ಯೇಕ 3 ಬೈಟು. ‘ಬೆಳಗಾವಿ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಕಂಪ್ಯೂಟರಿಗೆ 7 ಚಿಹ್ನೆ, 21 ಬೈಟು. 20ರಲ್ಲಿ ಹಿಡಿಯದೆ 12899ನೇ ನಂಬರಿನ ಎರರ್ ಬರುತ್ತದೆ. ‘ವಿಜಯಪುರ’ ಕೂಡ 21, ‘ಬಾಗಲಕೋಟೆ’ 24. ಇಂಗ್ಲಿಷಿನಲ್ಲಿ ಬೆಳಗಾವಿ ಬರೀ 8 ಬೈಟು, ಹಾಗಾಗಿ ಮ್ಯಾನ್ಯುಯಲ್ ಬರೆದವರಿಗೆ ಇದು ಹೊಳೆಯುವುದಿಲ್ಲ. ಅಗಲ ಕೊಡುವಾಗ ‘20 ಕ್ಯಾರ್’ ಎಂದು ಬರೆದರೆ ಅಕ್ಷರಲೆಕ್ಕಕ್ಕೆ ಬದಲಾಗುತ್ತದೆ.

ಇನ್ನೊಂದು ವಿಚಿತ್ರ: ಖಾಲಿ ಸ್ಟ್ರಿಂಗ್ ಅನ್ನು ಒರಾಕಲ್ ನಲ್ (ಏನೂ ತುಂಬಿಲ್ಲ) ಎಂದೇ ತಿಳಿಯುತ್ತದೆ. ‘ಊರು ಖಾಲಿಗೆ ಸಮ’ ಎಂದು ಹುಡುಕಿದರೆ ಒಂದು ಸಾಲೂ ಬರುವುದಿಲ್ಲ. ರೈತ ಸಂಖ್ಯೆ ಬದಲಿಸಿದರೆ ಚೀಟಿಗಳಲ್ಲೂ ತಾನೇ ಬದಲಿಸುವ ಆನ್ ಅಪ್‌ಡೇಟ್ ಕ್ಯಾಸ್ಕೇಡ್ ಇಲ್ಲ, ಆನ್ ಡಿಲೀಟ್ ಮಾತ್ರ ಇದೆ. ಪುಸ್ತಕದಲ್ಲಿ ಎರಡೂ ಇರುತ್ತವೆ.

ಭಾರದ ವಿಷಯ. 21ಸಿ ಎಕ್ಸ್‌ಪ್ರೆಸ್ ಆವೃತ್ತಿಯ ಡೌನ್‌ಲೋಡೇ ಸುಮಾರು 2 ಜಿಬಿ. ಬಳಸಲು ಬಿಡುವ ಗರಿಷ್ಠ ರ‍್ಯಾಮ್ 2 ಜಿಬಿ, ಡೇಟಾ 12 ಜಿಬಿ. 8 ಜಿಬಿ ಲ್ಯಾಪ್‌ಟಾಪಿಗೆ ಸರಿ, 4 ಜಿಬಿಯಲ್ಲಿ ಉಸಿರು ಕಟ್ಟುತ್ತದೆ. ಹಾಕಿದ ಮೇಲೆ ವಿಂಡೋಸ್ ಸರ್ವಿಸಸ್ಸಿಗೆ ಹೋಗಿ ‘ಒರಾಕಲ್‌ಸರ್ವಿಸ್‌ಎಕ್ಸ್‌ಇ’ ಅನ್ನು ಆಟೊಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ, ಬೇಕಾದಾಗಷ್ಟೇ ಶುರು ಮಾಡಿ. ಬಳಕೆದಾರನನ್ನು ಸೃಷ್ಟಿಸುವಾಗ 65096ನೇ ಎರರ್ ಬಂದರೆ ನೀವು ಹೊರಗಿನ ಕಂಟೈನರಿನಲ್ಲಿದ್ದೀರಿ ಎಂದರ್ಥ. ಒಳಗಿನ ಡೇಟಾಬೇಸಾದ ‘ಎಕ್ಸ್‌ಇಪಿಡಿಬಿ1’ಕ್ಕೆ ಸೇರಿಕೊಂಡು ಮತ್ತೆ ಕೊಡಿ. ಪಿಎಲ್/ಎಸ್‌ಕ್ಯೂಎಲ್ ಬ್ಲಾಕ್ ಓಡಿಸಿದರೂ ಏನೂ ಕಾಣಿಸದಿದ್ದರೆ ‘ಸೆಟ್ ಸರ್ವರ್‌ಔಟ್‌ಪುಟ್ ಆನ್’ ಮರೆತಿದ್ದೀರಿ. ಬ್ಲಾಕ್ ಓಡುತ್ತಲೇ ಇಲ್ಲ, ಸಾಲಿನ ನಂಬರು ಬೆಳೆಯುತ್ತಲೇ ಇದೆ ಎಂದರೆ ಕೊನೆಗೆ ಒಂದು ಓರೆಗೆರೆ ಹಾಕಿ.

ಎಸ್‌ಕ್ಯೂಎಲ್‌ಪ್ಲಸ್‌ನಲ್ಲಿ (ಒರಾಕಲ್ಲಿನ ಕಮಾಂಡ್ ಲೈನ್) ಆಟೊಕಮಿಟ್ ಇಲ್ಲ. ನೀವು ತುಂಬಿದ ಸಾಲುಗಳು ಪಕ್ಕದ ವಿಂಡೋದಲ್ಲಿ ಕಾಣಿಸದಿದ್ದರೆ ಕಮಿಟ್ ಕೊಟ್ಟಿಲ್ಲ ಎಂದೇ. ತಮಾಷೆ ಎಂದರೆ ‘ಎಕ್ಸಿಟ್’ ಕೊಟ್ಟು ಹೊರಬಂದರೆ ತಾನೇ ಕಮಿಟ್ ಮಾಡಿಬಿಡುತ್ತದೆ.

ಲ್ಯಾಪ್‌ಟಾಪ್ ತಡೆಯದವರಿಗೆ ಒರಾಕಲ್ಲಿನ ಬ್ರೌಸರ್ ಸೇವೆ ಇದೆ, ಅದರಲ್ಲಿ ಪಿಎಲ್/ಎಸ್‌ಕ್ಯೂಎಲ್ ಕೂಡ ಓಡುತ್ತದೆ. ಡಿಬಿ ಫಿಡಲ್‌ನಂಥ ತಾಣಗಳಲ್ಲಿ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡನ್ನೂ ಒಂದೇ ಪ್ರಶ್ನೆಗೆ ಹೋಲಿಸಿ ನೋಡಬಹುದು. ನೆಟ್ ಇರುವ ತನಕ ಸರಿ. ಆದರೆ ಎರಡು ಸಂಪರ್ಕ ತೆರೆದು ಲಾಕ್ ತೋರಿಸುವಂಥ ಪ್ರಯೋಗ ಅಲ್ಲಿ ಆಗುವುದಿಲ್ಲ.

ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಒಳ್ಳೆಯದೇ. ಕಾಲೇಜಿನಲ್ಲಿ ಅದೇ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಹುಡುಕಿಕೊಂಡು ಹೋಗಬೇಕಿಲ್ಲ.

ಎರಡು ವಿಂಡೋ ಪ್ರಯೋಗ

ಐಸೊಲೇಷನ್, ಅಂದರೆ ಒಂದು ಟ್ರಾನ್ಸಾಕ್ಷನ್ನಿನ ಕೆಲಸ ಇನ್ನೊಂದಕ್ಕೆ ಎಷ್ಟು ಕಾಣಬೇಕು ಎಂಬುದನ್ನು ಬಾಯಿಪಾಠ ಮಾಡಿ ಬರೆಯುವವರೇ ಹೆಚ್ಚು. ಕಣ್ಣಾರೆ ನೋಡಲು ಹತ್ತು ನಿಮಿಷ ಸಾಕು. ಎರಡು ವಿಂಡೋ ತೆರೆಯಿರಿ. ಮೊದಲನೆಯದರಲ್ಲಿ ಟ್ರಾನ್ಸಾಕ್ಷನ್ ಶುರು ಮಾಡಿ 1ನೇ ಚೀಟಿಯ ಟನ್ ಓದಿ. ಎರಡನೆಯದರಲ್ಲಿ ಅದನ್ನು ಬದಲಿಸಿ ಕಮಿಟ್ ಮಾಡಿ. ಮೊದಲನೆಯದರಲ್ಲಿ ಮತ್ತೆ ಓದಿ. ಪೋಸ್ಟ್‌ಗ್ರೆಸ್, ಒರಾಕಲ್‌ಗಳಲ್ಲಿ ಹೊಸ ಟನ್ ಸಂಖ್ಯೆ ಕಾಣುತ್ತದೆ, ಅವುಗಳ ಹುಟ್ಟಾ ಮಟ್ಟ ರೀಡ್ ಕಮಿಟೆಡ್. ಮೈಎಸ್‌ಕ್ಯೂಎಲ್ಲಿನಲ್ಲಿ ಹಳೆಯದೇ ಕಾಣುತ್ತದೆ, ಅದರದು ರಿಪೀಟಬಲ್ ರೀಡ್. ಎಸ್‌ಕ್ಯೂಲೈಟಿನ ಹುಟ್ಟಾ ಸೆಟ್ಟಿಂಗಿನಲ್ಲಿ ಎರಡನೇ ವಿಂಡೋದ ಕಮಿಟೇ ‘ಡೇಟಾಬೇಸ್ ಲಾಕ್ ಆಗಿದೆ’ ಎಂದು ನಿಲ್ಲುತ್ತದೆ. ವೈವಾದಲ್ಲಿ ‘ನಾನ್-ರಿಪೀಟಬಲ್ ರೀಡ್ ಎಂದರೇನು’ ಎಂದು ಕೇಳಿದರೆ ಇದನ್ನೇ ಹೇಳಿ.

ಯಾರಿಗೆ ಯಾವುದು

8 ಜಿಬಿ ಲ್ಯಾಪ್‌ಟಾಪಿನ ಇಂಜಿನಿಯರಿಂಗ್ ವಿದ್ಯಾರ್ಥಿಗೆ: ಮನೆಯಲ್ಲಿ ಪೋಸ್ಟ್‌ಗ್ರೆಸ್, ಪಿಎಲ್/ಎಸ್‌ಕ್ಯೂಎಲ್ ವಾರಗಳಿಗೆ ಲ್ಯಾಬಿನ ಒರಾಕಲ್ ಅಥವಾ ಬ್ರೌಸರ್. ಮೂರು ನಾಲ್ಕು ಸರ್ವರ್ ಒಟ್ಟಿಗೆ ಹಾಕಿಕೊಳ್ಳಬೇಡಿ, ಕಲಿಯುವುದಕ್ಕಿಂತ ಸರ್ವಿಸ್ ನಿಲ್ಲಿಸುವುದೇ ಕೆಲಸವಾಗುತ್ತದೆ.

4 ಜಿಬಿಯ ಹಳೆ ಲ್ಯಾಪ್‌ಟಾಪಿಗೆ: ಎಸ್‌ಕ್ಯೂಲೈಟ್, ಪ್ರತಿ ಸಲ ಫಾರಿನ್ ಕೀ ಆನ್, ಪ್ರತಿ ಟೇಬಲ್ಲಿಗೆ ಸ್ಟ್ರಿಕ್ಟ್. ಗ್ರ್ಯಾಂಟ್ ಮತ್ತು ಪ್ರೊಸೀಜರ್ ಮಾತ್ರ ಕಾಲೇಜಿನಲ್ಲಿ. ಸುಮ್ಮನಿರುವಾಗ ಪೋಸ್ಟ್‌ಗ್ರೆಸ್ ಕೂಡ ಅಷ್ಟೇನೂ ಭಾರವಲ್ಲ. ಭಾರ ಪಿಜಿಅಡ್ಮಿನ್ನಿನದು. ಕಮಾಂಡ್ ಲೈನಿಗೆ ಹೆದರದವರು 4 ಜಿಬಿಯಲ್ಲೂ ಪೋಸ್ಟ್‌ಗ್ರೆಸ್ ಓಡಿಸಬಹುದು.

ಬಿಸಿಎ ಓದುತ್ತ ಪಿಎಚ್‌ಪಿ ಪ್ರಾಜೆಕ್ಟ್ ಮಾಡಬೇಕಾದವರಿಗೆ: ಎಕ್ಸಾಂಪೇ ಸರಿ, ಮೇಲೆ ಹೇಳಿದ ಮೋಡ್ ತಿದ್ದಿದ ಮೇಲೆ.

ಬರೀ ಮೊಬೈಲ್ ಇದ್ದವರಿಗೆ: ಎಫ್-ಡ್ರಾಯ್ಡ್ ಎಂಬ ಆ್ಯಪ್ ತಾಣದಿಂದ ಟರ್ಮಕ್ಸ್ (ಕಮಾಂಡ್ ಲೈನ್ ಕೊಡುವ ಆ್ಯಪ್) ಹಾಕಿ, ಅದರಲ್ಲಿ ಎಸ್‌ಕ್ಯೂಲೈಟ್ ಪ್ಯಾಕೇಜು. ಮರಿಯಾಡಿಬಿ, ಪೋಸ್ಟ್‌ಗ್ರೆಸ್ ಕೂಡ ಅಲ್ಲಿ ಸಿಗುತ್ತವೆ, ಸಣ್ಣ ಕೀಬೋರ್ಡಿನಲ್ಲಿ ಸೆಮಿಕೋಲನ್ ಹುಡುಕುವ ತಾಳ್ಮೆ ಬೇಕು ಅಷ್ಟೇ.

ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಬರೆಯುವವರಿಗೆ ಸಾಫ್ಟ್‌ವೇರಿನ ಆಯ್ಕೆ ಎರಡನೇ ಮಾತು. ಅಲ್ಲಿ ಕೇಳುವುದು ರಿಲೇಷನಲ್ ಆಲ್ಜೀಬ್ರಾ, ಟಪಲ್ ಕ್ಯಾಲ್ಕುಲಸ್, ನಾರ್ಮಲ್ ಫಾರ್ಮ್, ಬಿ ಪ್ಲಸ್ ಟ್ರೀ, ಕಾಂಕರೆನ್ಸಿ. ಆಲ್ಜೀಬ್ರಾಕ್ಕೆ ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ‘ರಿಲ್ಯಾಕ್ಸ್’ ಎಂಬ ಬ್ರೌಸರ್ ಸಲಕರಣೆ ಇದೆ. ಸಮೀಕರಣ ಬರೆದರೆ ಟ್ರೀ ಬಿಡಿಸಿ ಉತ್ತರ ಕೊಡುತ್ತದೆ. ಒಂದು ನೆನಪಿರಲಿ, ರಿಲೇಷನಲ್ ಮಾದರಿ ಕೊಟ್ಟ ಕಾಡ್ ಎಂಬವರು 1970ರಲ್ಲಿ ಹೇಳಿದ ರಿಲೇಷನ್ ಒಂದು ಗಣ, ಅದರಲ್ಲಿ ಒಂದೇ ಸಾಲು ಎರಡು ಸಲ ಇರುವಂತಿಲ್ಲ. ಎಸ್‌ಕ್ಯೂಎಲ್ ಸೆಲೆಕ್ಟ್ ಮಾತ್ರ ನಕಲು ಸಾಲುಗಳನ್ನು ಹಾಗೇ ಬಿಡುತ್ತದೆ. ಎರಡರ ಉತ್ತರ ತಾಳೆಯಾಗದಿದ್ದರೆ ಡಿಸ್ಟಿಂಕ್ಟ್ ಹಾಕಿ ನೋಡಿ.

ಯಾವುದನ್ನು ಆರಿಸಿದರೂ ಒಂದು ಸ್ಕ್ರಿಪ್ಟ್ ಫೈಲು ಇಟ್ಟುಕೊಳ್ಳಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ಮೊದಲು ಡ್ರಾಪ್ ಸಾಲುಗಳು, ಚೀಟಿ ಮೊದಲು, ರೈತ ಆಮೇಲೆ. ಉಲ್ಟಾ ಕೊಟ್ಟರೆ ಫಾರಿನ್ ಕೀ ತಡೆಯುತ್ತದೆ. ಆಮೇಲೆ ಕ್ರಿಯೇಟ್, ರೈತ ಮೊದಲು, ಚೀಟಿ ಆಮೇಲೆ. ಆಮೇಲೆ ಇನ್ಸರ್ಟುಗಳು, ಅದೇ ಕ್ರಮದಲ್ಲಿ. ದಿನಾಂಕವನ್ನು ವರ್ಷ-ತಿಂಗಳು-ದಿನ ಎಂದು, ಅದಕ್ಕೂ ಮುಂಚೆ ‘ಡೇಟ್’ ಪದ ಸೇರಿಸಿ ಬರೆದರೆ ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೂರೂ ಒಪ್ಪುತ್ತವೆ. ಎಸ್‌ಕ್ಯೂಲೈಟಿಗೆ ಆ ಪದ ತೆಗೆಯಬೇಕು. ಲ್ಯಾಬಿನ ಕಂಪ್ಯೂಟರಿನಲ್ಲಿ ಹಿಂದಿನ ಬ್ಯಾಚಿನವರ ಟೇಬಲ್ಲುಗಳು ಅದೇ ಹೆಸರಿನಲ್ಲಿ ಕೂತಿರುವುದು ಮಾಮೂಲು. ಹಾಗಾಗಿ ಟೇಬಲ್ ಹೆಸರಿನ ಕೊನೆಗೆ ನಿಮ್ಮ ಯುಎಸ್‌ಎನ್‌ನ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯ) ಕೊನೆಯ ಮೂರು ಅಂಕಿ ಸೇರಿಸಿ. ಇಲ್ಲದಿದ್ದರೆ ನಿಮ್ಮ ಡ್ರಾಪ್ ಸಾಲು ಇನ್ಯಾರದೋ ರೆಕಾರ್ಡನ್ನು ಅಳಿಸಿ ಹಾಕುತ್ತದೆ.